ಮಾವ ಮುಚ್ಚಿದ ಗುಂಡೇಟುಗಳು

ನಮ್ಮ ಸೋದರಮಾವನಿಗೆ ಗೋಡೆಯಲ್ಲಿ ತೂತು ಕಂಡರೆ ಆಗದು. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಯೋಗಕ್ಷೇಮ, ಆಮೇಲೆ ಮನುಷ್ಯರದು. ಅತ್ತೆ ಕ್ಯಾಲೆಂಡರಿನ ಮೊಳೆ ಕಿತ್ತರೆ ಸಾಕು, ಮಾವ ಕರಣೆ ಹಿಡಿದು ಹಾಜರ್. ಗಾರೆ ಕೆಲಸದಲ್ಲಿ ಅವನನ್ನು ಮೀರಿಸುವವರು ಊರಲ್ಲಿಲ್ಲ. ಇದನ್ನು ನಾನು ಹೇಳಬೇಕಿಲ್ಲ, ಅವನೇ ಹೇಳುತ್ತಾನೆ.

ಊರಾಚೆ ಗಡಿಯಲ್ಲಿರುವ ಹಳೆಯ ಕಾವಲುಕೋಟೆಯನ್ನು ಉಳಿಸಿಕೊಳ್ಳಬೇಕೆಂದು ಸರ್ಕಾರಕ್ಕೆ ಕಡೆಗೂ ಬುದ್ಧಿ ಬಂತು. ಬಿರುಕು ಮುಚ್ಚುವ ಕೆಲಸ ಮಾವನಿಗೆ ಸಿಕ್ಕಿತು. ಕೆಲಸ ಒಪ್ಪಿಗೆಯಾದರೆ ಕೋಟೆಗೆ ಖಾಯಂ ಮೇಸ್ತ್ರಿ ಅವನೇ ಎಂದು ಇಲಾಖೆಯ ಮೇಡಂ ಹೇಳಿದ್ದರು. ಮಾವ ಅದನ್ನು ಬೀದಿಗೆಲ್ಲ ಸಾರಿಬಿಟ್ಟ.

ಐದನೆಯ ದಿನ ಮೇಡಂ ನೋಡಲು ಬಂದರು. ಅತ್ತೆಯ ಜೊತೆ ಬುತ್ತಿ ಹೊತ್ತು ನಾನೂ ಹೋಗಿದ್ದೆ.

“ಮೇಸ್ತ್ರಿ, ಇಲ್ಲಿ ಹಳೇ ಕಾಳಗದ ಗುಂಡೇಟಿನ ಗುರುತಿದ್ವಲ್ಲ, ಎಲ್ಲಿ?”

“ಒಂದನ್ನೂ ಬಿಟ್ಟಿಲ್ಲ ಮೇಡಂ!” ಮಾವ ಎದೆಯುಬ್ಬಿಸಿದ.

ಮೇಡಂ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತರು. “ಅಯ್ಯೋ, ಜನ ನೋಡೋಕೆ ಬರೋದೇ ಅದನ್ನ! ಮೂವತ್ತೇಳಿದ್ವು. ಅಷ್ಟೂ ವಾಪಸ್ ಸಿಗ್ದಿದ್ರೆ ಈ ಕೆಲ್ಸ ನಿಮಗಿಲ್ಲ.”

ಮಾವನ ಜಂಬ ಠುಸ್ಸೆಂದಿತು. ನನಗೆ ನಗು, ಜೊತೆಗೆ ಸಂಕಟ. ಅತ್ತೆ ಬುತ್ತಿ ಕೆಳಗಿಟ್ಟು, “ಕಂಡದ್ದನ್ನೆಲ್ಲ ಮೆತ್ತಬೇಡಿ ಅಂತ ಮದುವೆಯಾದಾಗಿಂದ ಬಡ್ಕೋತಿದೀನಿ” ಎಂದಳು.

ಆದರೆ ತೇಪೆ ಹಾಕಿದ ಮೇಲೆ ಅದರ ಮೇಲೊಮ್ಮೆ ಹೆಬ್ಬೆರಳು ಒತ್ತುವುದು ಮಾವನಿಗೆ ಗುರು ಕಲಿಸಿದ ಅಭ್ಯಾಸ. ಸಂಜೆಯ ಓರೆಬಿಸಿಲು ಗೋಡೆಗೆ ಬಿದ್ದಾಗ ಆ ಬೆರಳಚ್ಚುಗಳು ಒಂದೊಂದಾಗಿ ಕಂಡವು. ಸುಣ್ಣದ ಗಾರೆ ಇನ್ನೂ ಹಸಿಯಾಗಿತ್ತು. ಅತ್ತೆ ಬೆರಳು ಮಾಡಿ ತೋರಿಸಿದಳು, ಮಾವ ಸಣ್ಣ ಉಳಿಯಿಂದ ಕೆರೆದ, ನಾನು ಎಣಿಸಿದೆ.

ಮೂವತ್ತೇಳನೆಯದು ಅವನ ಎದೆಯ ಮಟ್ಟಕ್ಕಿತ್ತು. ಕೆರೆದು ಮುಗಿಸಿದವನು ಅದರ ಪಕ್ಕದಲ್ಲೇ ಗೋಡೆಗೆ ಬೆನ್ನುಕೊಟ್ಟು ನಿಂತ. ತನ್ನ ಎದೆಗೂ ಆ ತೂತಿಗೂ ಎಷ್ಟು ದೂರವೆಂದು ಗೇಣು ಹಾಕಿ ಅಳೆದ; ಒಂದೇ ಗೇಣು.

“ಇಲ್ಲೊಬ್ಬ ನಿಂತಿದ್ದ ಕಣೇ” ಎಂದ. ಅತ್ತೆ ಸೆರಗಿನ ತುದಿಯಿಂದ ಆ ತೂತಿನ ಅಂಚಿನ ಗಾರೆ ಒರೆಸಿದಳು.

ಈಗ ಮಾವ ಕೋಟೆಯ ಖಾಯಂ ಮೇಸ್ತ್ರಿ. ಮನೆಯಲ್ಲಿ ಮೊಳೆಯ ತೂತು ಇವತ್ತಿಗೂ ಉಳಿಯುವುದಿಲ್ಲ. ಆದರೆ ಕೋಟೆ ನೋಡಲು ಬಂದವರು ಯಾರಾದರೂ ಆ ತೂತುಗಳಿಗೆ ಕಲ್ಲು ತುರುಕಿದರೆ ಅಲ್ಲಿಂದಲೇ ಕೂಗುತ್ತಾನೆ:

“ಏಯ್, ಮುಚ್ಚಬೇಡ್ರೋ! ಅದು ಗುರಿ ತಪ್ಪಿದ ಗುಂಡು. ಅದು ತಪ್ಪಿದ್ದಕ್ಕೇ ಒಬ್ಬ ಜೀವಂತ ಮನೆಗೆ ಹೋಗಿದಾನೆ.”