ಸೋಡಾಕ್ಕೆ ಬಗ್ಗದ ಗ್ಯಾಸು

ನಮ್ಮೂರಿನಲ್ಲಿ ಯಾರಿಗೂ ಹೃದಯದ ಕಾಯಿಲೆ ಬರುವುದಿಲ್ಲ. ಬರುವುದೆಲ್ಲ ಗ್ಯಾಸು. ಗ್ಯಾಸಿನಿಂದಲೇ ಕೆಲವರು ಎದೆ ಹಿಡಿದುಕೊಂಡು ಸತ್ತೂ ಇದ್ದಾರೆ. ಆದರೂ ಅದರ ಮೇಲಿನ ನಂಬಿಕೆ ಹೋಗಿಲ್ಲ.

ಅಪ್ಪನಿಗೆ ಎದೆನೋವು ಬಂದದ್ದು ರೇಷ್ಮೆಹುಳು ಹಣ್ಣಾದ ದಿನ ಬೆಳಿಗ್ಗೆ. ಹಣ್ಣಾದ ಹುಳುವನ್ನು ಆಗಿಂದಾಗಲೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆಯ ಬಿದಿರಿನ ಸುರುಳಿಗೆ ಬಿಡಬೇಕು. ಇಲ್ಲದಿದ್ದರೆ ಸಿಕ್ಕಲ್ಲೇ ನೂಲು ಬಿಟ್ಟು ಬೆಳೆ ಕೆಡಿಸುತ್ತದೆ. ಅಪ್ಪ ಬೆವೆತುಹೋಗಿದ್ದ. ನೋವು ದವಡೆಗೂ ಏರಿತ್ತು. ತಕ್ಷಣ ಆಸ್ಪತ್ರೆಗೆ ಹೋಗೋಣ ಎಂದೆ.

"ನೋಯ್ತಾ ಇರೋದು ಎದೆ ಮಧ್ಯ ಕಣ್ಲಾ. ಆರ್ಟು ಇರೋದು ಎಡಗಡೆ. ಇದು ಗ್ಯಾಸು."

ಅಷ್ಟರಲ್ಲಿ ಜಗಲಿ ತುಂಬಿತು. ಒಬ್ಬರು ಗೋಲಿ ಸೋಡಾ ತಂದರು, ಒಬ್ಬರು ಓಂಕಾಳು, ಇನ್ನೊಬ್ಬರು ಬೆನ್ನು ಗುದ್ದಲು ಬರಿಗೈಯಲ್ಲೇ ಬಂದರು. ಸೋಂಕಾದೀತೆಂದು ನಾವು ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಅಪ್ಪನ ಎದೆಗೆ ಆ ಕಟ್ಟುಪಾಡು ಇರಲಿಲ್ಲ.

ಹೃದಯದ ಬಗ್ಗೆ ನನ್ನ ಓದು ಮೊಬೈಲಿನದು. ಜೊತೆಗೆ ಒಂದು ಭಾನುವಾರ ಮೇಕೆಯ ಹೃದಯ ತಂದು ಕೊಯ್ದು ನೋಡಿದ್ದೆ. ನಮ್ಮದೂ ಅದೇ ಮಾದರಿ: ನಾಲ್ಕು ಕೋಣೆ, ಬಲಗಡೆಯಿಂದ ರಕ್ತ ಶ್ವಾಸಕೋಶಕ್ಕೆ, ಎಡಗಡೆಯಿಂದ ಮೈಗೆಲ್ಲ. ಆಮೇಲೆ ಅವ್ವ ಅದನ್ನು ಸಾರಿಗೆ ಹಾಕಿದಳು.

"ಆರ್ಟು ಮಧ್ಯದಲ್ಲೇ ಇರದು ಕಣಪ್ಪ, ಒಸಿ ಎಡಕ್ಕೆ ವಾಲ್ಕೊಂಡೈತೆ, ಅಷ್ಟೆ. ಈಗ ಆ ಆರ್ಟಿಗೇ ರಕ್ತ ಸಾಲ್ತಿಲ್ಲ."

ಸೋಡಾ ತಂದಿದ್ದ ದೊಡ್ಡಪ್ಪ ನಕ್ಕ. "ಲೇ ಡಾಕ್ಟ್ರೇ, ಅದರ ಒಳಗೆಲ್ಲ ರಕ್ತ ತುಂಬ್ಕೊಂಡಿರ್ತದೆ. ಅದುಕ್ಕೇ ರಕ್ತ ಸಾಲ್ದಂಗಾಯ್ತದಾ?"

ಜಗಲಿಯೂ ನಕ್ಕಿತು. ನಾನು ಅಪ್ಪನನ್ನೇ ಕೇಳಿದೆ: "ತೊಟ್ಟಿ ಪಕ್ಕದ ಹಿಪ್ಪುನೇರಳೆ ಸಾಲು ಯಾಕಪ್ಪ ಒಣಗೋಯ್ತು? ತೊಟ್ಟಿ ತುಂಬಾ ನೀರಿತ್ತಲ್ಲ?"

"ಡ್ರಿಪ್ ಪೈಪು ಉಪ್ಪು ಕಟ್ಕೊಂಡಿತ್ತು."

"ಇದೂ ಹಂಗೇ. ಒಳಗಿರೋ ರಕ್ತ ಊರಿಗೆಲ್ಲ ಹೋಗೋದು. ಆರ್ಟಿನ ಪಾಲು ಬರೋದು ಅದರ ಮೈಮೇಲಿರೋ ಸಣ್ಣ ಪೈಪಲ್ಲಿ. ಅದು ಕಟ್ಕೊಂಡ್ರೆ ತೊಟ್ಟಿ ಪಕ್ಕದಲ್ಲೇ ಒಣಗ್ತದೆ."

ಅಪ್ಪ ಸೋಡಾ ಬಾಟಲಿ ಕೆಳಗಿಟ್ಟ.

"ಆ ಸಾಲು ಆಮೇಲೆ ಚಿಗುರ್ಲೇ ಇಲ್ಲ, ಅಲ್ವೇನ್ಲಾ?"

"ಇಲ್ಲ ಕಣಪ್ಪ."

"ಯಾರಾದ್ರೂ ಕಾರ್ ತಗೀರ್ಲಾ" ಎಂದ. ಹತ್ತುವ ಮೊದಲು ಜಗಲಿಯ ವೈದ್ಯರ ಕಡೆ ತಿರುಗಿದ. "ನೀವೆಲ್ಲ ಕಾಲು ತೊಳ್ಕಂಡು ಒಳೀಕೋಗಿ ಹುಳ ಆರಿಸ್ರಪ್ಪ."

ರಾಮನಗರದಲ್ಲಿ ಇಸಿಜಿ ತೆಗೆದರು. ಹೃದಯಾಘಾತವೇ. ಅಲ್ಲಿಂದ ಬೆಂಗಳೂರಿಗೆ ಕಳಿಸಿ, ಕಟ್ಟಿಕೊಂಡಿದ್ದ ಸಣ್ಣ ನಾಳಕ್ಕೆ ಸ್ಟೆಂಟ್ ಹಾಕಿದರು. ಹೊತ್ತಿಗೆ ಸರಿಯಾಗಿ ಬಂದಿರಿ ಎಂದರು.

ಗೂಡು ಬಿಡಿಸುವ ಹೊತ್ತಿಗೆ ಅಪ್ಪ ಮನೆಗೆ ಬಂದು, ಯಾರೆಷ್ಟು ಹೇಳಿದರೂ ಕೇಳದೆ ನೇರ ಚಂದ್ರಿಕೆಯ ಮುಂದೆ ನಿಂತ. ಜಗಲಿಯವರು ಹುಳುಗಳನ್ನು ಮದುವೆ ದಿಬ್ಬಣದ ಬಸ್ಸಿಗೆ ತುಂಬಿದಂತೆ ತುಂಬಿದ್ದರು. ಜಾಗ ಸಾಲದೆ ಎರಡೆರಡು ಹುಳು ಸೇರಿ ಒಂದೇ ಗೂಡು ಕಟ್ಟಿಕೊಂಡಿದ್ದವು. ನೂಲು ಬಿಚ್ಚಲು ಬಾರದ ಅಂಥ ಜೋಡಿಗೂಡನ್ನು ಮಾರ್ಕೆಟ್ಟಿನಲ್ಲಿ ಮೂಸಿಯೂ ನೋಡುವುದಿಲ್ಲ.

"ಹುಳಕ್ಕೆ ಜಾಗ ಬುಡ್ಬೇಕು ಅಂತ ಗೊತ್ತಿಲ್ವೇನ್ರಲಾ!"

ದೊಡ್ಡಪ್ಪ ಅಪ್ಪನ ಭುಜ ಹಿಡಿದು ಮೆಲ್ಲಗೆ ಕೂರಿಸಿದ.

"ಇಂಗೆಲ್ಲ ಸಿಟ್ಟು ಬರದು ಗ್ಯಾಸಿಂದ ಕಣ್ಲಾ. ಒಸಿ ಸೋಡಾ ತರ್ಸ್ಲಾ?"