ಸೊಟ್ಟ ಅಚ್ಚಿನ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟೈರ್ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಐವತ್ತು ದಾಟಿದ ಮಹಿಳೆಯೊಬ್ಬರು ರಟ್ಟಿನಷ್ಟು ತೆಳುವಾದ ಮರದ ಹಾಳೆಗಳಿಗೆ ಅಂಟು ಬಳಿಯುತ್ತಿದ್ದಾರೆ. ಏಳು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ, ಸಿಮೆಂಟಿನ ಅಚ್ಚಿನೊಳಗಿಟ್ಟು, ಜಾಕಿನ ಹಿಡಿಕೆಗೆ ಮೈಭಾರವನ್ನೆಲ್ಲ ಹಾಕಿ ಬಿಗಿಯುತ್ತಾರೆ. ಹೀಗೆ ಒತ್ತಿ ಬಂದ ಹಲಗೆಗೆ ಚಕ್ರ ಸಿಕ್ಕಿಸಿದರೆ ಸ್ಕೇಟ್‌ಬೋರ್ಡ್. "ಮಾತಾಡ್ಸೋದಾದ್ರೆ ಮಾತಾಡ್ಸಿ, ಕೈ ಮಾತ್ರ ನಿಲ್ಲಲ್ಲ. ಅಂಟು ಯಾರ ಮುಲಾಜಿಗೂ ಕಾಯಲ್ಲ," ಎನ್ನುತ್ತಾರೆ.

ಎಲ್ಲರಿಗೂ ಇವರು ಅಕ್ಕ. ಒಬ್ಬನಿಗೆ ಮಾತ್ರ ಒಡಹುಟ್ಟಿದ ಅಕ್ಕ. ಆ ತಮ್ಮನನ್ನು ನೀವು ನೋಡಿಯೇ ಇರುತ್ತೀರಿ. ಹಿಂತುದಿಯಲ್ಲಿ ತುಸು ತಿರುಚಿಕೊಂಡ ಸ್ಕೇಟ್‌ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ಜಾಹೀರಾತುಗಳಲ್ಲಿ ನಗುವ, ಯಾರ ಹಂಗೂ ಇಲ್ಲದೆ ಕಂಪನಿ ಕಟ್ಟಿದವನೆಂದು ಹೋದಲ್ಲೆಲ್ಲ ಹೊಗಳಿಸಿಕೊಳ್ಳುವ ಮನುಷ್ಯ. ಆ ಕಂಪನಿಯ ಇಪ್ಪತ್ತು ವರ್ಷದ ಕಥೆಯನ್ನು ಈಚೆಗೆ ಸಾಕ್ಷ್ಯಚಿತ್ರ ಮಾಡಿದ್ದಾರೆ. ಅದರಲ್ಲಿ ಅಕ್ಕ ಒಂದೇ ಒಂದು ಕಡೆ ಬರುತ್ತಾರೆ, ಅದೂ ಮೊಣಕೈ ತನಕ. ಅಂಟು ಬಳಿಯುವ ಕೈ ಸಾಕಾಯಿತು, ಮುಖ ಬೇಡವಾಯಿತು. ನೋಡಿ ನನಗೆ ಮೈ ಉರಿಯಿತು, ಅದಕ್ಕೇ ಅಕ್ಕನ ಬಗ್ಗೆ ಬರೆಯಲು ಇಲ್ಲಿಗೆ ಬಂದಿದ್ದೇನೆ.

ಆಗ ತಮ್ಮನಿಗೆ ಸ್ಕೇಟಿಂಗ್ ಹುಚ್ಚು. ಕೊಂಡ ಬೋರ್ಡುಗಳೆಲ್ಲ ಅವನ ಕಾಲ ಕೆಳಗೆ ಪಟಪಟನೆ ಮುರಿಯುತ್ತಿದ್ದವು. ಅಕ್ಕ ಕೆಲಸಕ್ಕಿದ್ದ ಪ್ಲೈವುಡ್ ಕಾರ್ಖಾನೆ ಮುಚ್ಚಿಹೋಗಿ, ಅವರು ಮನೆಯಲ್ಲಿ ಕೂತಿದ್ದರು. ಮರಕ್ಕೆ ಮರ ಅಂಟಿಸುವುದು ಅವರಿಗೆ ನೀರು ಕುಡಿದಷ್ಟು ಸುಲಭ. ನಾವೇ ಮಾಡೋಣ ಎಂದವರು ಅವರೇ. ಗೋಡೆ ಕಟ್ಟಿ ಮಿಕ್ಕಿದ್ದ ಸಿಮೆಂಟನ್ನು ಕಲಸಿ ಅಚ್ಚು ಹುಯ್ದರು. ಈ ಶೆಡ್ಡಿನ ನೆಲ ನೀರು ಹರಿದುಹೋಗಲೆಂದು ಒಂದು ಮೂಲೆಗೆ ಇಳಿಜಾರು. ಸಿಮೆಂಟು ಹುಯ್ದ ಚೌಕಟ್ಟಿನ ಒಂದು ಮೂಲೆ ಆ ಇಳಿಜಾರಿನಲ್ಲಿ ಕುಸಿದದ್ದು ಅವರ ಗಮನಕ್ಕೆ ಬರಲಿಲ್ಲ. ಅಚ್ಚು ಸೊಟ್ಟಗೆ ಗಟ್ಟಿಯಾಯಿತು.

"ಬಂದವನೇ ಎಗರಾಡಿದ. ನಿಂಗೆ ಕಣ್ಣಿಲ್ವಾ, ಇದನ್ನ ಯಾರು ಕೊಳ್ತಾರೆ ಅಂತ ಬೈದ. ಇನ್ನೊಂದು ಹುಯ್ಯೋಕೆ ಸಿಮೆಂಟ್ ಇರ್ಲಿಲ್ಲ, ಅದ್ರಲ್ಲೇ ಒತ್ತಿದ್ವಿ." ಕೆಟ್ಟ ಮಾಲೆಂದು ಅಗ್ಗಕ್ಕೆ ಕೊಟ್ಟ ಹಲಗೆಗಳವು. ಕೊಂಡ ಹುಡುಗರು ವಾರದೊಳಗೆ ಮತ್ತೆ ಬಂದು ಅದೇ ಸೊಟ್ಟದ್ದು ಬೇಕೆಂದು ಬಾಗಿಲಲ್ಲಿ ನಿಂತರು. ಆ ತಿರುಚಿನಲ್ಲಿ ಹಿಂಗಾಲು ಜಾರದೆ ಕೂರುತ್ತಿತ್ತು. ಕಂಪನಿ ಬೆಳೆದದ್ದು ಅದರಿಂದ. ಒಂದು ಪ್ರೆಸ್ಸು ಆರಾಯಿತು, ಊರೂರಿನ ಅಂಗಡಿಗಳಿಗೆ ಮಾಲು ಹೋಯಿತು, ಕೊನೆಗೆ ದೊಡ್ಡ ಶೂ ಕಂಪನಿಯೊಂದು ಎಲ್ಲವನ್ನೂ ಕೊಂಡುಕೊಂಡಿತು.

ತಮ್ಮ ಈಗ ವೇದಿಕೆ ಹತ್ತಿ, ಪಾದದ ರಚನೆಯನ್ನು ಮೂರು ವರ್ಷ ಅಧ್ಯಯನ ಮಾಡಿ ಆ ತಿರುಚನ್ನು ಕಂಡುಹಿಡಿದೆ ಎನ್ನುತ್ತಾನೆ. ಅಕ್ಕ ಅಂಟಿನ ಬ್ರಷ್ಷನ್ನು ಡಬ್ಬಿಗೆ ಕುಕ್ಕುತ್ತಾರೆ. "ಮೂರು ವರ್ಷ ಅಂತೆ. ಮೂರು ನಿಮಿಷ ಮಟ್ಟಗೋಲು ಇಟ್ಟು ನೋಡಿದ್ರೆ ಅದು ಹುಟ್ತಾನೇ ಇರ್ಲಿಲ್ಲ."

ಐದು ಪ್ರೆಸ್ಸುಗಳು ಕಳೆದ ವಾರವೇ ಹೋಗಿವೆ. ನೆಲದಲ್ಲಿ ಬೋಲ್ಟು ಕಿತ್ತ ತೂತುಗಳು ಉಳಿದಿವೆ. ಹಲಗೆ ಒತ್ತುವ ಕೆಲಸ ಇನ್ನು ಬೇರೆಲ್ಲೋ ಗುತ್ತಿಗೆಗೆ. ಮೊದಲ ಅಚ್ಚು ಮಾತ್ರ ಇಲ್ಲಿದೆ, ಅದನ್ನೂ ಒಯ್ಯಲು ಇವತ್ತು ವ್ಯಾನ್ ಬರುತ್ತದೆ. ಬಂದೇಬಿಟ್ಟಿತು. ತಮ್ಮನೇ ಇಳಿದ, ಜೊತೆಗೆ ಇಬ್ಬರು ಹಮಾಲರು.

"ಅಕ್ಕ, ಹೆಡ್ ಆಫೀಸಲ್ಲಿ ಗಾಜಿನ ಪೆಟ್ಟಿಗೆ ಮಾಡ್ಸಿದೀವಿ. ಮರ್ಯಾದೆಯಿಂದ ಇಡ್ತೀವಿ."

"ಪಕ್ಕದಲ್ಲಿ ಏನು ಬರೀತೀಯ, ಯಾರು ಮಾಡಿದ್ದು ಅಂತ?"

"ಅದನ್ನೆಲ್ಲ ಮಾರ್ಕೆಟಿಂಗ್‌ನವರು ನೋಡ್ಕೋತಾರೆ ಬಿಡು."

"ಹಾಗಾದ್ರೆ ಬಿಚ್ಚು. ಒಳಗೆ ಹಸಿ ಹಲಗೆ ಇದೆ, ನೀನೇ ಬಿಚ್ಚು."

ಅಂಟು ಹಸಿಯಿರುವಾಗ ಪ್ರೆಸ್ ಬಿಚ್ಚಿದರೆ ಪದರಗಳೆಲ್ಲ ಬಾಯಿ ಬಿಡುತ್ತವೆ. ಅದನ್ನು ಮಾತ್ರ ಮಾಡಬಾರದೆಂದು ಅಕ್ಕನೇ ಅವನಿಗೆ ಕಲಿಸಿದ್ದು. ಹಮಾಲರು ಮುಂದೆ ಬರುತ್ತಾರೆ, ತಮ್ಮನೇ ಕೈ ಅಡ್ಡ ಹಿಡಿಯುತ್ತಾನೆ. ಇಷ್ಟೆಲ್ಲ ಮಾರಿಕೊಂಡವನಿಗೆ ಒಂದು ಹಲಗೆ ಕೆಡಿಸಲು ಮನಸ್ಸು ಬರುವುದಿಲ್ಲ. ಅಕ್ಕನ ಹೆಸರು ಅಳಿಸುವಾಗ ಈ ಮನಸ್ಸು ಎಲ್ಲಿ ಹಾಳಾಗಿ ಹೋಗಿತ್ತೋ ಕಾಣೆ. ನಾಳೆ ಬರುತ್ತೇನೆಂದು ಗೊಣಗಿ ವ್ಯಾನ್ ಹತ್ತುತ್ತಾನೆ.

ನಾಳೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. "ಸಂಜೆ ಇದನ್ನ ತೆಗೀತೀನಿ, ತೆಗೆದ ತಕ್ಷಣ ಇನ್ನೊಂದು ತುಂಬ್ತೀನಿ. ಎಷ್ಟು ದಿನ ನಡೆಯುತ್ತೋ ನಡೀಲಿ." ಹೀಗೆ ಜಗಳವಾಡಿ ಸಿಗುವುದಾದರೂ ಏನು ಎಂದರೆ, ಅಕ್ಕ ಬೆರಳಿಗಂಟಿದ ಅಂಟನ್ನು ಕೆರೆಯುತ್ತಾರೆ.

"ನನ್ನನ್ನ ಹೊಗಳೋದು ಬೇಡ. ಮೈಕ್ ಹಿಡ್ಕೊಂಡು ಒಂದೇ ಒಂದು ಸಲ ಹೇಳ್ಲಿ, ನಮ್ಮಕ್ಕ ತಪ್ಪು ಮಾಡಿದ್ಳು ಅಂತ. ಆ ತಪ್ಪು ನಂದು. ಅಷ್ಟು ಹೇಳಿದ್ರೆ ಅಚ್ಚನ್ನ ನಾನೇ ವ್ಯಾನಿಗೆ ಎತ್ತಿಡ್ತೀನಿ."