ಗಡಿಯಾರದ ಚಾಚಾ ಮತ್ತು ಎರಿಬೂತ

ಚಾಚಾ ಅವರ ಬಲಗಣ್ಣಿನ ಸುತ್ತ ನಾಣ್ಯ ಒತ್ತಿ ತೆಗೆದಂಥ ಗುಂಡನೆಯ ಗುರುತಿತ್ತು. ಗಡಿಯಾರ ರಿಪೇರಿಗೆ ಕೂತಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಎಷ್ಟೋ ವರ್ಷಗಳಿಂದ ಒತ್ತಿ ಒತ್ತಿ ಮೂಡಿಸಿದ್ದು. ಕೌಲ್ ಬಜಾರಿನ ಅವರ ಅಂಗಡಿಯ ಗಾಜಿನ ಮೇಲೆ ಗಣಿ ಜೋರಾಗಿದ್ದ ಆ ವರ್ಷಗಳಲ್ಲಿ ದಿನಾ ಅದಿರಿನ ಲಾರಿಗಳ ಕೆಂಪು ಧೂಳು ಕೂರುತ್ತಿತ್ತು. ಒಳಗೆ ಡ್ರಾಯರಿನಲ್ಲಿ ಒಂದು ಉದ್ದನೆಯ ನೋಟ್‌ಬುಕ್ಕು. ಸುತ್ತಮುತ್ತ ಯಾರು ಅಪರೂಪದ ಹಕ್ಕಿ ಕಂಡರೂ ಅದರಲ್ಲಿ ಬರೆಸಬೇಕು. ಬರೆದುಕೊಳ್ಳುವುದಕ್ಕಿಂತ ಗೀಟೆಳೆದು ಹೊಡೆದುಹಾಕುವುದರಲ್ಲೇ ಚಾಚಾಗೆ ಉತ್ಸಾಹ ಜಾಸ್ತಿ.

ನಾನು ಕುರುಗೋಡಿನ ಶಾಲೆಯಲ್ಲಿ ಟೀಚರ್. ಕೆರೆಯಲ್ಲಿ ರಾಜಹಂಸ ಕಂಡೆನೆಂದು ಮೊದಲ ಸಲ ಓಡಿಬಂದಾಗ ಕೇಳಿದರು.

“ಕೊಕ್ಕು ಡೊಂಕಿತ್ತೇನು?”

“ಇರಬೇಕು ಚಾಚಾ.”

“ಇರಬೇಕು ಅಂದ್ರ ಕಂಡಿಲ್ಲ. ಕಂಡಿದ್ದು ಬರಸು ಬೇಟಿ, ಅನಿಸಿದ್ದು ಬ್ಯಾಡ.”

ಬರೆದ ಸಾಲಿನ ಮೇಲೆ ಸರ್ರನೆ ಗೀಟು ಎಳೆದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಹದಿನೈದು ದಿನ ಆ ಕಡೆ ತಲೆ ಹಾಕಲಿಲ್ಲ.

ಅವರದು ಇನ್ನೊಂದು ಕಟ್ಟಪ್ಪಣೆ: ಗೂಡು ಕಂಡರೆ ಊರಿನ ಹೆಸರು ಹೊರಗೆ ಬಿಡಬಾರದು. ಅದನ್ನೇ ನಾನು ಮುರಿದೆ. ಸಿರುಗುಪ್ಪದ ಕಡೆಯ ಎರೆಹೊಲವೊಂದರಲ್ಲಿ ಎರಿಬೂತ ಕಂಡಿದ್ದೆ. ಸೊಂಟದೆತ್ತರ ನಿಲ್ಲುವ ಆ ಹಕ್ಕಿ ನಮ್ಮ ಸೀಮೆಯಲ್ಲಿ ಇನ್ನಿಲ್ಲವೆಂದೇ ಎಲ್ಲರೂ ಆಸೆ ಬಿಟ್ಟಿದ್ದರು. ಅದು ಬರಿನೆಲದ ಮೇಲೆ ಒಂದೇ ತತ್ತಿ ಇಟ್ಟು ಕಾವಿಗೆ ಕೂತಿತ್ತು. ಹಿಗ್ಗಿನಲ್ಲಿ ಚಾಚಾಗೂ ಹೇಳದೆ ನೇರ ಪತ್ರಿಕೆಗೆ ಬರೆದೆ, ಊರು, ಹೊಲದ ಗುರುತು ಸಮೇತ.

ಅಚ್ಚಾದ ಬೆಳಿಗ್ಗೆ ಬೀಗುತ್ತ ಅಂಗಡಿಗೆ ಹೋದರೆ, ಚಾಚಾ ಬಾಗಿಲು ಎಳೆಯುತ್ತಿದ್ದರು. ಆಗಲೇ ಓದಿದ್ದರು.

“ನೀ ಹಕ್ಕಿ ತೋರಿಸಿಲ್ಲ ಬೇಟಿ, ದಾರಿ ತೋರಿಸಿದಿ. ಗಣಿ ರೊಕ್ಕದಾಗ ಹೊಸಾ ಜೀಪು, ಹೊಸಾ ಬಂದೂಕು ಇಟ್ಕೊಂಡ ಮಂದಿ ಈಗ ಎಷ್ಟ್ ಅದಾರ ಗೊತ್ತೈತೇನು? ನಡಿ.”

ಇಬ್ಬರೂ ಬಸ್ಸು ಹತ್ತಿದೆವು. ಹೊಲ ಮುಟ್ಟಿ ಉಸಿರು ಬಿಡುವಷ್ಟರಲ್ಲಿ ಜೀಪು ಬಂತು. ಮುಂದೆ ಕೂತವನ ತೊಡೆಯ ಮೇಲೆ ಪೇಪರು, ಹಿಂದಿನ ಸೀಟಿನಲ್ಲಿ ಬಂದೂಕು. ನಮ್ಮ ಬೆನ್ನ ಹಿಂದೆ ನೂರು ಹೆಜ್ಜೆಯಲ್ಲಿ ಎರಿಬೂತ ಒಣಹುಲ್ಲಿನೊಳಗೆ ಕತ್ತು ತಗ್ಗಿಸಿ ಕೂತಿತ್ತು. ಕತ್ತು ಎತ್ತಿದರೆ ಮುಗಿಯಿತು.

“ಎರಿಬೂತ ಎಲ್ಲೈತಿಲೇ ಮುದುಕಾ?”

“ಬೂತ್ ಏನ್ರಿ? ಓಟಿನ ಬೂತ್ ಊರಾಗ ಸಾಲ್ಯಾಗ ಇರ್ತೈತ್ರಿ. ಎಡಕ್ಕ ಹೋಗ್ರಿ,” ಎಂದರು ಚಾಚಾ, ಕಿವಿಗೆ ಕೈ ಹಚ್ಚಿ.

“ಹಕ್ಕಿ ಕೇಳಾಕತ್ತೀನಿ!” ಅವನು ಕೆಳಗಿಳಿದ.

ಚಾಚಾ ನೇರ ಸುಳ್ಳು ಹೇಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಆಗಲೂ ಹೇಳಲಿಲ್ಲ. ನನ್ನತ್ತ ಕೈ ತೋರಿಸಿದರು. “ಪೇಪರಿನ್ಯಾಗ ಬರದಾಕಿ ಈಕೀನ. ಈಕಿನ್ನ ಕೇಳ್ರಿ.”

ಬದುಕಿನಲ್ಲಿ ನಾನು ಕಂಡ ಒಂದೇ ಒಂದು ಎರಿಬೂತ; ಅದನ್ನೇ ಕಂಡಿಲ್ಲ ಅನ್ನಬೇಕಿತ್ತು.

“ನಾ ಕಂಡಿದ್ದು ಕೊಕ್ಕರಿ ರೀ,” ಎಂದೆ. “ಎರಿಬೂತ ಅಂತ ಅನಿಸ್ತು, ಬರದುಬಿಟ್ಟೆ.”

“ಕೊಕ್ಕು ನೋಡದನ ರಾಜಹಂಸ ಅಂದಾಕಿ ಈಕಿ,” ಎಂದು ಚಾಚಾ ಗದರಿದರು. ಅದು ಮಾತ್ರ ನಿಜವಾಗಿತ್ತು.

ಅವನು ಪೇಪರನ್ನು ನನ್ನ ಕಾಲ ಬಳಿ ಎಸೆದು ಜೀಪು ತಿರುಗಿಸಿದ. ಚಾಚಾ ಬದುವಿನ ಮೇಲೆ ಕುಸಿದು ಕೂತರು.

ಮರುವಾರ ಪತ್ರಿಕೆಯಲ್ಲಿ, ಕಂಡಿದ್ದು ಕೊಕ್ಕರೆ ಎಂದು ನನ್ನ ಹೆಸರಿನಲ್ಲೇ ತಿದ್ದುಪಡಿ ಬಂತು. ಶಾಲೆಯಲ್ಲಿ ವರ್ಷಗಟ್ಟಲೆ ‘ಕೊಕ್ಕರಿ ಟೀಚರ್’ ಎಂದು ಆಡಿಕೊಂಡರು. ನೋಟ್‌ಬುಕ್ಕಿನಲ್ಲಿ ಚಾಚಾ ಬರೆದುಕೊಂಡಿದ್ದರೂ ಗೀಟು ಬಿದ್ದಿರುತ್ತದೆಂದು ನಾನು ಅದನ್ನು ಕೇಳಲೇ ಇಲ್ಲ.

ಚಾಚಾ ತೀರಿಕೊಂಡ ಮೇಲೆ ಅವರ ಮಗಳು ಅದನ್ನು ನನಗೆ ತಂದುಕೊಟ್ಟಳು. ಆ ದಿನದ ಸಾಲಿನ ಮೇಲೆ ಗೀಟಿರಲಿಲ್ಲ. ‘ಎರಿಬೂತ ಒಂದು. ತತ್ತಿ ಒಂದು. ಟೀಚರ್ ಕಂಡಳು. ನಾನೂ ಕಂಡೆ.’ ಕೆಳಗೆ ಬೇರೆ ಶಾಯಿಯಲ್ಲಿ, ‘ಮರಿ ಹಾರಿತು.’ ಅಂದರೆ ನನಗೂ ಹೇಳದೆ ಮತ್ತೆ ಮತ್ತೆ ಹೋಗಿ ನೋಡಿಬಂದಿದ್ದರು. ಓದಿ ಅತ್ತುಬಿಟ್ಟೆ.

‘ಊರು’ ಎಂಬ ಖಾನೆ ಮಾತ್ರ ಖಾಲಿ. ನೋಟ್‌ಬುಕ್ಕು ಈಗ ನನ್ನ ಬಳಿ ಇದೆ. ಆ ಖಾನೆಯನ್ನು ನಾನೂ ತುಂಬಿಲ್ಲ.